ನಾಲ್ಕನೇ ಅಡಿಗಲ್ಲಿನ ಸಂದರ್ಭದಲ್ಲಿ ಮಾನ್ಯ ಶಾಸಕಿಯವರಿಗೆ

ಮಾನ್ಯ ಶಾಸಕಿಯವರೇ,

ಹೊಳೆಯ ಎರಡೂ ದಡದ ಮತದಾರರು ಕ್ಷೇಮವೆಂದೂ, ನಡುವೆ ಹೊಳೆ ಮೊದಲಿನಂತೆಯೇ ಯಾರ ಅಡ್ಡಿಯೂ ಇಲ್ಲದೆ ಹರಿಯುತ್ತಿದೆಯೆಂದೂ ಮೊದಲಿಗೆ ತಿಳಿಸುತ್ತೇನೆ. ದೋಣಿಕಟ್ಟೆಯ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ತಮಗೆ ಸೋದರತ್ತೆಯೂ ಹೌದು, ತಮ್ಮನ್ನು ಸಾಕಿದವಳೂ ಹೌದು. ಆದರೆ ಆ ಸಲಿಗೆಯನ್ನೆಲ್ಲ ಮನೆಯೊಳಗೆ ಬಿಟ್ಟು, ಬರಿಯ ಮತದಾರಳಾಗಿ ಈ ಪತ್ರ ಬರೆಯುತ್ತಿದ್ದೇನೆ. ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ಊರವರು ಓದಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ.

ಹೋದ ತಿಂಗಳು ತಮ್ಮ ಆಪ್ತ ಸಹಾಯಕರು ಅಂಗಡಿಗೆ ಬಂದು, ಸೇತುವೆಯ ಅಡಿಗಲ್ಲಿಗೆ ಹೊದಿಸಲು ಒಂದು ಪರದೆ ಹೊಲಿದುಕೊಡಬೇಕೆಂದು ಅಪ್ಪಣೆ ಮಾಡಿದರು. ಹೊಸಬರಾದ ಅವರಿಗೆ ಇದು ನಮ್ಮ ಕ್ಷೇತ್ರದ ಮೊದಲ ಅಡಿಗಲ್ಲೆಂಬ ಭಾವನೆ ಇದ್ದಂತಿತ್ತು. ಎಲ್ಲ ಪಕ್ಷಗಳ ಬಾವುಟವನ್ನೂ ಭೇದವಿಲ್ಲದೆ ಹೊಲಿದವಳಾದ್ದರಿಂದ, ಅವರ ತಿಳುವಳಿಕೆಗಾಗಿ ಹಿಂದಿನದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಆರಿಸಿ ಬಂದವರು ಶಾಲೆಯ ಮೇಷ್ಟ್ರು. ಮತದಾರರಲ್ಲಿ ಬಹುಪಾಲು ಜನ ಅವರಿಂದ ಕಿವಿ ಹಿಂಡಿಸಿಕೊಂಡವರಾಗಿದ್ದರಿಂದ ಎದುರು ನಿಲ್ಲುವ ಧೈರ್ಯ ಯಾರಿಗೂ ಬರಲಿಲ್ಲ. ಮೂರು ಸಲ ಗೆದ್ದು ಅವರು ಒಂದು ಅಡಿಗಲ್ಲು ಹಾಕಿದರು. ಅದರಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲವೆಂಬುದನ್ನು ನಾವು ಇಂದಿಗೂ ಅಭಿಮಾನದಿಂದ ನೆನೆಯುತ್ತೇವೆ.

ಮೇಷ್ಟ್ರು ಕಾಲವಾದ ಮೇಲೆ ದೋಣಿಯ ಗುತ್ತಿಗೆ ಹಿಡಿದಿದ್ದ ಸಾಹುಕಾರರು ಗೆದ್ದರು. ದೋಣಿಯಿಂದ ಬದುಕುವವರನ್ನೇ ಸೇತುವೆ ಕಟ್ಟಲು ಕಳಿಸಿದ ನಮ್ಮ ಕ್ಷೇತ್ರದ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಅವರು ಗೆದ್ದ ದಿನ ಇದ್ದ ಒಂದೇ ದೊಡ್ಡ ದೋಣಿ ಸಂಜೆಯವರೆಗೂ ಅಭಿಮಾನಿಗಳನ್ನು ಹೊತ್ತು ಹೊಳೆಯಲ್ಲಿ ಸುತ್ತು ಹಾಕುತ್ತಿತ್ತು. ಹೆರಿಗೆ ನೋವು ಬಂದಿದ್ದ ನನ್ನ ತಮ್ಮನ ಹೆಂಡತಿ, ಎಂದರೆ ತಮ್ಮ ತಾಯಿ, ಕಟ್ಟೆಯ ಮೆಟ್ಟಿಲ ಮೇಲೆ ಕುಳಿತು ಅದನ್ನು ನೋಡುತ್ತಿದ್ದಳು. ಆಸ್ಪತ್ರೆ ಆಚೆ ದಡದಲ್ಲಿತ್ತು. ನನ್ನ ತಮ್ಮ ನೀರಿಗಿಳಿದು ಕೈಬೀಸಿದ. ದೋಣಿಯಲ್ಲಿದ್ದವರೂ ಸಂತೋಷದಿಂದ ಕೈಬೀಸಿದರು. ಕೊನೆಗೆ ದೋಣಿ ಬಂದಾಗ ಕತ್ತಲಾಗುತ್ತಿತ್ತು. ತಾವು ಹುಟ್ಟಿದ್ದು ನಡುಹೊಳೆಯಲ್ಲಿ, ಬಾವುಟಗಳ ರಾಶಿಯ ಮೇಲೆ. ಹೊಕ್ಕುಳಬಳ್ಳಿ ಕತ್ತರಿಸಿದ್ದು ನಾನು. ತಮ್ಮ ತಾಯಿ ಆಚೆ ದಡ ಮುಟ್ಟಲಿಲ್ಲ. ಸಾಹುಕಾರರು ಮರುದಿನ ಮನೆಗೆ ಬಂದು ಕಣ್ಣೀರು ಹಾಕಿ, ವರ್ಷದೊಳಗೆ ಎರಡನೇ ಅಡಿಗಲ್ಲನ್ನೂ ಹಾಕಿದರು.

ಸಾಹುಕಾರರು ಇನ್ನೂ ನಾಲ್ಕು ಸಲ ಗೆದ್ದು ದಣಿದ ಮೇಲೆ ಬಂದ ಮೂರನೆಯವರು ಮೇಷ್ಟ್ರ ಅಳಿಯಂದಿರು. ಅವಧಿಯ ನಡುವೆ ಪಕ್ಷ ಬದಲಿಸಿ, ಒಂದು ಉಪಚುನಾವಣೆಯನ್ನೂ ಒಂದು ಅಡಿಗಲ್ಲನ್ನೂ ಕ್ಷೇತ್ರಕ್ಕೆ ದಯಪಾಲಿಸಿದರು. ಇದರಿಂದ ನನಗೊಂದು ಸಲಹೆ ಹೊಳೆದಿದೆ. ಪ್ರತಿ ವರ್ಷವೂ ಒಂದು ಉಪಚುನಾವಣೆ ನಡೆಸಿ, ಸಿಗುವ ಅಡಿಗಲ್ಲುಗಳನ್ನು ನೀರಿನಲ್ಲಿ ಸಾಲಾಗಿ ಜೋಡಿಸುತ್ತ ಹೋದರೆ, ನಮ್ಮ ಮರಿಮಕ್ಕಳ ಕಾಲಕ್ಕೆ ಕಾಲು ನೆನೆಯದಂತೆ ಹೊಳೆ ದಾಟಬಹುದು. ಸರ್ಕಾರ ಇದನ್ನು ಪರಿಶೀಲಿಸಬೇಕಾಗಿ ಕೋರಿಕೆ.

ಆಮೇಲೆ ತಾವು ನಿಂತಿರಿ. ಆಚೆ ದಡದ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ದೋಣಿಯಲ್ಲಿ ಬಂದಿಳಿಯುವ ಬಸುರಿಯರ ಕೈ ಹಿಡಿದು ದಡ ಹತ್ತಿಸಿಕೊಂಡವರು, ಯಾವ ಪಕ್ಷವೂ ಬೇಡವೆಂದು ಕೆಲಸ ಬಿಟ್ಟು ನಿಂತಿರಿ. ಬಾವುಟದ ಬಟ್ಟೆ ನಾನೇ ಕತ್ತರಿಸಿದೆ. ಕಟ್ಟೆಯ ಮೇಲೆ ನಿಂತು ತಾವು, “ನಾನು ಕಲ್ಲು ಹಾಕಲ್ಲ. ಕಂಬ ಏಳಿಸ್ತೀನಿ. ಏಳಲಿಲ್ಲ ಅಂದ್ರೆ ಮತ್ತೆ ಓಟು ಕೇಳೋಕೆ ಬರಲ್ಲ” ಎಂದಾಗ, ತಮ್ಮ ತಾಯಿ ತೀರಿದಾಗಿನಿಂದ ನಾಲ್ಕು ಜನರ ನಡುವೆ ಬಾಯಿ ಬಿಡದ ತಮ್ಮ ತಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ತಾವು ಕೂದಲೆಳೆಯ ಅಂತರದಲ್ಲಿ ಗೆದ್ದಿರಿ. ಆ ದಿನ ವಿಜಯದ ಮೆರವಣಿಗೆಗೆ ದೋಣಿ ಮುಟ್ಟಕೂಡದೆಂದು ತಾವು ಕಟ್ಟಪ್ಪಣೆ ಮಾಡಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಐದು ವರ್ಷ ಹೇಗೆ ಕಳೆಯಿತೋ ತಮಗೇ ಗೊತ್ತು. ಮತ್ತೆ ಚುನಾವಣೆ ಹತ್ತಿರ ಬಂತು, ಕಂಬ ಏಳಲಿಲ್ಲ, ಪರದೆಗೆ ಅಳತೆ ಬಂತು. ನಾನು ಹೊಲಿಯುವುದಿಲ್ಲವೆಂದು ಸಹಾಯಕರನ್ನು ವಾಪಸು ಕಳಿಸಿದ ಸಂಜೆ ತಾವೇ ಮನೆಗೆ ದಯಮಾಡಿಸಿದಿರಿ. ಯಾವ ಕಚೇರಿಯಲ್ಲಿ ಎಷ್ಟು ಕಾದಿರೆಂದು ಹೇಳಿದಿರಿ. ಕಲ್ಲನ್ನಾದರೂ ಹಾಕದಿದ್ದರೆ ಜನ ಮುಖ ನೋಡುವುದಿಲ್ಲವೆಂದಿರಿ. ನಾನು ಗುಂಡಿ ಹಚ್ಚುತ್ತಿದ್ದೆ. “ಅತ್ತೆ, ಇದೆಲ್ಲ ಹೇಗೆ ನಡೆಯುತ್ತೆ ಅಂತ ನಿಮಗೆ ಅರ್ಥ ಆಗಲ್ಲ” ಎಂದಿರಿ.

“ನಿಮ್ಮಮ್ಮನಿಗೂ ಅರ್ಥ ಆಗಿರಲಿಲ್ಲ ಕಣೇ” ಎಂದೆ.

ತಾವು ಊಟ ಮಾಡದೆ ಎದ್ದು ಹೋದಿರಿ. ತಮ್ಮ ತಂದೆ ಬಡಿಸಿದ ತಟ್ಟೆಯನ್ನು ಮುಚ್ಚಿಟ್ಟು ಬಹಳ ಹೊತ್ತು ಬಾಗಿಲಲ್ಲೇ ಕುಳಿತಿದ್ದ. ಆ ಮಾತು ಹರಿತವಾಯಿತೆಂದು ನನಗೆ ಗೊತ್ತು. ಸುಳ್ಳಲ್ಲವಾದ್ದರಿಂದ ಹಿಂತೆಗೆದುಕೊಳ್ಳುವ ದಾರಿ ಕಾಣುತ್ತಿಲ್ಲ.

ಸಮಾರಂಭ ಪೇಟೆಯಲ್ಲಿ ಕೊಂಡ ಪರದೆಯಿಂದಲೇ ಸಾಂಗವಾಗಿ ನೆರವೇರಿತು. ನಾನೂ ಹಿಂದಿನ ಸಾಲಿನಲ್ಲಿದ್ದೆ. ಪರದೆ ಸರಿಸುವಾಗ ತಾವು ಹೊಳೆಯ ಕಡೆ ನೋಡಲಿಲ್ಲವೆಂಬುದು ನನ್ನ ಕಣ್ಣಿಗೆ ಬಿತ್ತು. ನಾಚಿಕೆ ಇನ್ನೂ ಉಳಿದಿದೆಯೆಂದು ಸಮಾಧಾನವಾಯಿತು. ಹಿಂದಿನ ಮೂವರೂ ಹೊಳೆಯನ್ನು ನೋಡಿ ಕೈಮುಗಿದಿದ್ದರು.

ಆದ್ದರಿಂದ ಮಾನ್ಯರಲ್ಲಿ ಅರಿಕೆ ಏನೆಂದರೆ, ಕಂಬ ಏಳದಿದ್ದರೆ ಓಟು ಕೇಳಲು ಬರುವುದಿಲ್ಲವೆಂದ ತಮ್ಮ ಮಾತನ್ನು ತಾವು ಉಳಿಸಿಕೊಳ್ಳಬೇಕು. ಅದು ಕಷ್ಟವಾಗಬಹುದೆಂದು ಊಹಿಸಿ, ತಮಗೆ ನೆರವಾಗಲೆಂದು ನಿನ್ನೆ ಬೆಳಿಗ್ಗೆ ನಾನೇ ನಾಮಪತ್ರ ಸಲ್ಲಿಸಿದ್ದೇನೆ. ಸೂಚಕನಾಗಿ ಸಹಿ ಹಾಕಿದ್ದು ತಮ್ಮ ತಂದೆ. ನಾನು ಗೆಲ್ಲುವ ಭಯ ಬೇಡ. ತಾವು ಕಣದಿಂದ ಹಿಂದೆ ಸರಿಯುವುದಾದರೆ ನಾನೂ ಸಂತೋಷವಾಗಿ ಸರಿಯುತ್ತೇನೆ. ಸರಿಯದಿದ್ದರೆ ಮನೆ ಮನೆಗೆ ಹೋಗಿ ತಾವು ಹುಟ್ಟಿದ ಸಂಜೆಯನ್ನು ಹೇಳುತ್ತೇನೆ. ನನ್ನ ಹತ್ತಿರ ಬೇರೆ ಪ್ರಣಾಳಿಕೆ ಇಲ್ಲ.

ತಮ್ಮ ಏಳಿಗೆಯನ್ನೂ, ಅದಕ್ಕಿಂತ ಮೊದಲು ಕಂಬಗಳ ಏಳಿಗೆಯನ್ನೂ ಬಯಸುವ,

ತಮ್ಮ ವಿಶ್ವಾಸಿ,
ದೋಣಿಕಟ್ಟೆ ಬೀದಿಯ ಹೊಲಿಗೆಯವಳು

ತಾ.ಕ.: ಪ್ರಚಾರಕ್ಕೆ ಬೇಕೆಂದು ತಾವು ನಮ್ಮ ಮಾತುಕತೆಗೆ ಮುಂಚೆ ಹೊಲಿಯಲು ಕೊಟ್ಟಿದ್ದ ಕೋಟು ಸಿದ್ಧವಾಗಿದೆ. ಹೊಸ ಅಳತೆ ಕೊಡದೆ ಹೋದದ್ದರಿಂದ, ತಾವು ನರ್ಸಾಗಿದ್ದಾಗಿನ ಅಳತೆಗೇ ಹೊಲಿದಿದ್ದೇನೆ. ಎಲ್ಲಾದರೂ ಬಿಗಿಯೆನಿಸಿದರೆ ಅದು ಬಟ್ಟೆಯ ತಪ್ಪಲ್ಲ.