ಮುರಳಿಮೋಹನನ ಎಡಗೈ

ಜಗಳ ಶುರುವಾದದ್ದು ಅನಾಟಮಿ ಪಾಠದ ಬಗ್ಗೆ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಮೊದಲ ವರ್ಷದ ವೈದ್ಯಕೀಯ ಓದುತ್ತಿದ್ದ ಮುರಳಿಮೋಹನ, ಪುಸ್ತಕ ಬಾಯಿಪಾಠ ಮಾಡಿದರೆ ಸಾಕು ಎಂದ. ಸಹಪಾಠಿ ಹರಿಣಿ ಒಪ್ಪಲಿಲ್ಲ. ಒಂದು ಹೆಣದ ಸುತ್ತ ಇಪ್ಪತ್ತೈದು ಜನ ನಿಂತರೆ ಕಾಣುವುದು ಮುಂದಿನವರ ಕತ್ತು ಮಾತ್ರ. ಇಣುಕಿ ನೋಡಿದರೂ ನರ, ರಕ್ತನಾಳ ಎಲ್ಲವೂ ಹಳೇ ಹುಣಸೆಹಣ್ಣಿನ ನಾರಿನ ಹಾಗೆ ಒಂದೇ ಎಂಬುದು ಅವಳ ದೂರು.

“ಉಸಿರಾಡೋ ಮೈಮೇಲೆ ಬರೆದು ಕಲೀಬೇಕು ಕಣೋ. ಎಡಗೈ ಚಾಚು.”

ಚಾಚಿದ. ಅವಳ ಪೆನ್ನು ಓಡಿದಂತೆ ಭುಜದಿಂದ ಬೆರಳಿನ ತುದಿಯವರೆಗೆ ಕೆಂಪು, ನೀಲಿ, ಹಳದಿ ಗೆರೆಗಳು ಬಂದವು. ತೊಳೆಯಲು ಹೋದಾಗ ತಿಳಿಯಿತು, ಆ ಪೆನ್ನಿನ ಬಣ್ಣ ಸೋಪಿಗೆ ಬಗ್ಗುವುದಲ್ಲ. ನಾಚಿಕೆಯಾಗಿ ಮಧ್ಯಾಹ್ನದ ತರಗತಿಗೆ ಚಕ್ಕರ್ ಹಾಕಿ ತನ್ನೂರು ದಿಬ್ಬೂರಹಳ್ಳಿಯ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಂಬಿ ಹಿಡಿದಾಗ ಅಂಗಿಯ ತೋಳು ಜಾರಿತು. ಎದುರಿಗೇ ಪಕ್ಕದ ಮನೆಯ ವೆಂಕಟರತ್ನಮ್ಮ.

“ಅಯ್ಯೋ ನಾಯನಾ, ಸರ್ಪಸುತ್ತು ಭುಜದವರೆಗೂ ಹತ್ತಿದೆಯಲ್ಲ.”

ಇದು ಪಾಠ ಎಂದು ಅವನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಶಿಡ್ಲಘಟ್ಟ ದಾಟುವಷ್ಟರಲ್ಲಿ ಅವರ ಫೋನು ಅರ್ಧ ಊರಿಗೆ ಸುದ್ದಿ ಮುಟ್ಟಿಸಿತ್ತು. ಮನೆಯಲ್ಲಿ ಅಮ್ಮ ಅಳುತ್ತಿದ್ದಳು. ಸರ್ಪಸುತ್ತಿಗೆ ಮದ್ದು ಹಚ್ಚುವ ನರಸಿಂಹಪ್ಪ ತಾತ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಕಾದಿದ್ದರು. ನೆರೆಮನೆಯವರಿಬ್ಬರು ಅವನ ಭುಜ ಹಿಡಿದರು. ತಾತ ಕೆಮ್ಮಣ್ಣು ಮೆತ್ತುತ್ತ ಮೊಳಕೈಗೆ ಬಂದವರು ನಿಂತರು.

“ಈ ಹಳದಿ ಗೆರೆ ಎಲ್ಲಿಗೆ ಹೋಗ್ತದಪ್ಪ?”

“ಕಿರುಬೆರಳಿಗೆ ತಾತ. ಅದು ನರ.”

ತಾತ ಬಟ್ಟಲು ಕೆಳಗಿಟ್ಟರು. “ನಂದೂ ಕಿರುಬೆರಳು ಎರಡು ವರ್ಷದಿಂದ ಜುಮ್ಮಂತದೆ.”

ಮುರಳಿ ಅವರ ಮೊಳಕೈ ಹಿಂದಿನ ಸಂದಿಯನ್ನು ಮೆಲ್ಲಗೆ ತಟ್ಟಿದ. ಕಿರುಬೆರಳಿನ ತುದಿಯವರೆಗೂ ಕರೆಂಟು ಹೊಡೆದಂತಾಗಿ ತಾತ ಕೈ ಎಳೆದುಕೊಂಡರು. ದಿನವೂ ಜಗಲಿಗೆ ಮೊಳಕೈ ಊರಿ ಪೇಪರು ಓದುತ್ತಿದ್ದರಂತೆ. ಇನ್ನು ಊರಬೇಡಿ, ದೊಡ್ಡ ಡಾಕ್ಟರಿಗೊಮ್ಮೆ ತೋರಿಸಿ ಎಂದು ಮುರಳಿ ಹೇಳಿದ. ಆ ನರದ ಹಾದಿಯನ್ನು ಅವನು ಆರು ಸಲ ಉರುಹೊಡೆದಿದ್ದ. ಅದು ಒಬ್ಬ ಮನುಷ್ಯನ ಬೆರಳಿಗೆ ಹೋಗಿ ಸೇರುತ್ತದೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕಾಲೇಜಿನ ಮೇಜಿನ ಮೇಲೆ ಮಲಗಿದ್ದವರಿಗೂ ಬದುಕಿದ್ದಾಗ ಎಲ್ಲೋ ಹೀಗೆ ಜುಮ್ಮೆಂದಿರಬೇಕು. ಅವರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ.

ಹರಿಣಿ ಹೇಳಿದ್ದೇ ಸರಿ ಎನ್ನಿಸಿತು. ಅಷ್ಟರಲ್ಲಿ ಅವಳದೇ ಫೋನು. ಅನಾಟಮಿ ಹೇಗೆ ಕಲಿಸಬೇಕೆಂದು ಮೋಹನ್‌ಬಾಬು ಸರ್ ಮಧ್ಯಾಹ್ನ ಎಲ್ಲರ ಅಭಿಪ್ರಾಯ ಕೇಳಿದರಂತೆ. ಬರೆದಾಗ ತೆಗೆದಿದ್ದ ಇವನ ಕೈಯ ಫೋಟೋ ತೋರಿಸಿದಳಂತೆ. ಇಡೀ ತರಗತಿ ಇದೇ ಬೇಕೆಂದಿತಂತೆ, ಸರ್ ಒಪ್ಪಿದರಂತೆ.

“ಒಳ್ಳೇದಾಯ್ತು ಹರಿಣಿ,” ಎಂದ ಮುರಳಿ, ಮನಸಾರೆ.

“ಯಾರ ಮೈಮೇಲೆ ಬರೆಯೋದು ಅಂತ ಕೇಳಿದ್ರು. ಕ್ಲಾಸಲ್ಲಿ ಇದ್ದೋರೆಲ್ಲ ಆಗಲ್ಲ ಅಂದ್ರು. ನೀನೊಬ್ಬನೇ ಇರಲಿಲ್ಲ, ನಿನ್ನ ಹೆಸರು ಕೊಟ್ವಿ. ಸೋಮವಾರ ಬೆನ್ನು, ಮಂಗಳವಾರ ಹೊಟ್ಟೆ. ನೂರೈವತ್ತು ಜನ ಇದೀವಲ್ಲ, ಸರದಿ ಮೇಲೆ ಬರೀತೀವಿ. ಬುಧವಾರ ಕಾಲು ಕಣೋ, ಕೂದಲು ಬೋಳಿಸ್ಕೊಂಡು ಬಾ.”