ಬಿಸಿಲಿಗೆ ಹಾಕಿದ ರೀಲು

"ಈ ಭಾನುವಾರ ಸಂಘದವರೆಲ್ಲ ನಮ್ಮನೆಗೆ ಬರ್ತಾರೆ, ನೋಡ್ತಿರು. ಹದಿನೇಳನೇ ಡಬ್ಬಿ ಬಗ್ಗೆ ಅರ್ಧ ಗಂಟೆ ಮಾತಾಡ್ತೀನಿ. ಸಂಗ್ರಾಹಕರ ಸಂಘದ ಅಧ್ಯಕ್ಷಗಿರಿ ನನ್ನ ಜೇಬಲ್ಲಿ ಅಂತ್ಲೇ ತಿಳ್ಕೊ," ಎಂದು ಬಸವಕುಮಾರ್ ಹೆಂಡತಿ ಸೌಮ್ಯಶ್ರೀಯ ಮುಂದೆ ಎದೆ ತಟ್ಟಿಕೊಂಡಿದ್ದ.

ಬಸವೇಶ್ವರನಗರದ ಅವನ ಮನೆಯ ಬೀರುವಿನಲ್ಲಿ ಮೂಕಿ ಹಾಸ್ಯಚಿತ್ರಗಳ ನಲವತ್ತೊಂದು ಡಬ್ಬಿಗಳಿದ್ದವು. ಯಾರೂ ಹೆಸರು ಕೇಳದ ನಟರು, ಯಾರೂ ನೋಡದ ಚಿತ್ರಗಳು, ಆದ್ದರಿಂದಲೇ ಅಮೂಲ್ಯ. ಹದಿನೇಳರದ್ದಂತೂ ಜಗತ್ತಿನಲ್ಲೇ ಒಂದೇ ಪ್ರತಿ ಎಂದು ಅವನ ನಂಬಿಕೆ.

ಭಾನುವಾರ ಬೆಳಿಗ್ಗೆ ಬೀರು ತೆರೆದರೆ ಹದಿನೇಳು ಖಾಲಿ.

"ಯಾವಳೇ ಇದನ್ನ ಮುಟ್ಟಿದ್ದು?"

"ನಮ್ಮಮ್ಮ. ಆ ಡಬ್ಬಿಯಿಂದ ಬೀರು ತುಂಬ ಹುಳಿ ವಾಸನೆ. ನಾನು ವಾರದಿಂದ ಬಡ್ಕೊತಾ ಇದೀನಿ, ಕೇಳಿಸ್ಕೊಂಡ್ರಾ?"

"ಹಳೇ ಫಿಲ್ಮು ಕಣೇ, ಹುಳಿ ವಾಸನೆ ಬಂದೇ ಬರತ್ತೆ. ಅದಕ್ಕೆ?"

"ಅದಕ್ಕೇ ನಿನ್ನೆಯಿಂದ ಬಿಸಿಲಿಗೆ ಹಾಕಿದಾಳೆ."

ಮೂರು ಮೂರು ಮೆಟ್ಟಿಲು ಹಾರಿ ತಾರಸಿಗೆ ಓಡಿದ. ಅತ್ತೆ ದಾನಮ್ಮನವರ ಶಾಸ್ತ್ರದಲ್ಲಿ ಉಪ್ಪಿನಕಾಯಿಯಿಂದ ಹಾಸಿಗೆಯವರೆಗೆ ಕೆಟ್ಟ ವಾಸನೆಗೆಲ್ಲ ಬಿಸಿಲೇ ಮದ್ದು. ಜಗತ್ತಿನ ಏಕೈಕ ಪ್ರತಿ ನಾಲ್ಕು ತಂತಿಗಳ ಮೇಲೆ, ಲಂಗ ಟವೆಲ್ಲುಗಳ ನಡುವೆ, ಕ್ಲಿಪ್ಪು ಕಚ್ಚಿಸಿಕೊಂಡು ಕರಿದ ಹಪ್ಪಳದಂತೆ ಸುರುಟಿತ್ತು. ಮಿಕ್ಕಿದ್ದು ಚಾಪೆಯ ಮೇಲೆ, ಸಂಡಿಗೆಯ ಪಕ್ಕದಲ್ಲಿ. ಬಸವಕುಮಾರನಿಗೆ ಸಿಟ್ಟು ನೆತ್ತಿಗೇರಿತು.

"ಏನ್ ಮಾಡಿದೀರಾ ಗೊತ್ತಾ? ನೂರು ವರ್ಷ ಬಾಳಿದ್ದನ್ನ ಎರಡೇ ದಿನಕ್ಕೆ ಕೊಂದ್ರಲ್ಲ! ನಿಮಗೆ ಇದು ಹಪ್ಪಳ. ಕಲೆ ಅಂದ್ರೆ ಏನು ಅಂತ ಈ ಮನೇಲಿ ಒಬ್ಬರಿಗಾದ್ರೂ ಗೊತ್ತಾ?"

ಪಕ್ಕದ ತಾರಸಿಯವರು ಬಟ್ಟೆ ಹಿಂಡುವುದನ್ನು ಬಿಟ್ಟು ನಿಂತರು. ದಾನಮ್ಮ ಮಾತ್ರ ಸಂಡಿಗೆ ತಿರುವಿ ಹಾಕುತ್ತಲೇ ಇದ್ದರು.

"ಕೂಗಾಡ್ಬೇಡಿ. ತುಂಬಾ ಚೆನ್ನಾಗಿದೆ ಅದು. ಒಂದೊಂದೇ ಚಿತ್ರ ಬೆಳಕಿಗೆ ಹಿಡಿದು ನೋಡ್ದೆ. ಮಾತಿಲ್ಲ ನೋಡಿ, ಎಲ್ಲಾ ಅರ್ಥ ಆಯ್ತು. ಆ ಪುಣ್ಯಾತ್ಮ ಏಣಿ ಹೊತ್ಕೊಂಡು ಮದುವೆ ಮನೆಗೆ ನುಗ್ತಾನಲ್ಲ, ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಳ್ತು."

"ಏಣಿನಾ?" ಎಂದುಬಿಟ್ಟ ಬಸವಕುಮಾರ್.

ದಾನಮ್ಮ ತಲೆ ಎತ್ತಿದರು. "ನೀವು ನೋಡಿಲ್ವಾ?"

ನೋಡಿರಲಿಲ್ಲ. ಪ್ರೊಜೆಕ್ಟರಿಗೆ ಹಾಕಿದರೆ ರೀಲು ಸವೆಯುತ್ತದೆ, ಸವೆದರೆ ಘನತೆ ಇಳಿಯುತ್ತದೆ ಎಂದು ಎಂಟು ವರ್ಷದಲ್ಲಿ ನಲವತ್ತೊಂದರಲ್ಲಿ ಒಂದನ್ನೂ ನೋಡಿರಲಿಲ್ಲ. ಅಷ್ಟು ಹೊತ್ತೂ ಉರಿಯುತ್ತಿದ್ದ ಸಿಟ್ಟಿಗೆ ಈಗ ಯಾರ ಮೇಲೆ ಹೋಗಬೇಕೆಂದು ತಿಳಿಯಲಿಲ್ಲ.

ಕೆಳಗೆ ಕಾಲಿಂಗ್ ಬೆಲ್ ಹೊಡೆಯಿತು. "ರೀ, ಸಂಘದವರು ಬಂದ್ರು," ಎಂದು ಸೌಮ್ಯಶ್ರೀ ಕೂಗಿದಳು.

ಬಸವಕುಮಾರ್ ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. "ಅತ್ತೆ, ಬೇಗ ಹೇಳಿ. ಮದುವೆ ಮನೆಗೆ ನುಗ್ಗಿದ ಮೇಲೆ ಏನಾಯ್ತು?"

"ಅವರನ್ನೇ ಮೇಲಕ್ಕೆ ಕರೀರಿ," ಎಂದರು ದಾನಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ. "ಎರಡೆರಡು ಸಲ ಹೇಳಕ್ಕೆ ನನ್ ಕೈಲಾಗಲ್ಲ."