ಕೆಂಪು ಡಬ್ಬಕ್ಕೆ ಹಾರ್ನ್

ಅಕ್ಕನ ಮಗಳು ಅಂಚೆ ಡಬ್ಬಕ್ಕೆ ಹಾರ್ನ್ ಹೊಡೆದಾಗಲೇ ವಾಚ್ ರಿಪೇರಿ ಮಾಮನಿಗೆ ಜೀವ ಬಾಯಿಗೆ ಬಂದಿತ್ತು.

ಹುಡುಗಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಅಂದು ಸಂಜೆ ನಾಲ್ಕಕ್ಕೆ ಲೈಸೆನ್ಸ್ ಪರೀಕ್ಷೆ. ಬೆಳಿಗ್ಗೆ ಕೊನೆಯ ಅಭ್ಯಾಸಕ್ಕೆಂದು ಮಾಮನ ಕಾರನ್ನೇ ಓಡಿಸುತ್ತಿದ್ದಳು. ಪಕ್ಕದಲ್ಲಿ ಮಾಮ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ರಸ್ತೆಯಂಚಿನಲ್ಲಿ ಕೆಂಪು ಅಂಚೆ ಡಬ್ಬವೊಂದು ತನ್ನ ಪಾಡಿಗೆ ತಾನು ನಿಂತಿತ್ತು. ಹುಡುಗಿ ಕಾರು ನಿಲ್ಲಿಸಿ ಮೂರು ಸಲ ಹಾರ್ನ್ ಹೊಡೆದಳು.

“ಯಾರಿಗೆ ಪುಟ್ಟಿ ಹಾರ್ನು?”

“ಆ ತಾತಂಗೆ ಮಾಮ. ಕಿವಿ ಕೇಳ್ಸಲ್ಲ ಅನ್ಸುತ್ತೆ,” ಎಂದು ಬಳಸಿಕೊಂಡು ಮುಂದೆ ಹೋದಳು.

ಡಬ್ಬವನ್ನು ತಾತ ಎನ್ನುವವಳು ನಾಳೆ ತಾತನನ್ನು ಏನೆಂದಾಳು? ಮಾಮ ಮನೆಗೆ ಬಂದವನೇ ಅಕ್ಕನ ಕಿವಿಗೆ ಹಾಕಿದ.

“ಕಾರು ಕೊಡೋಕೆ ಮನಸ್ಸಿಲ್ಲ ಅಂದ್ರೆ ನೇರ ಹೇಳು. ಮಗು ಕಣ್ಣಿನ ಮೇಲೆ ಯಾಕೆ ಗೂಬೆ ಕೂರಿಸ್ತೀಯ?” ಎಂದಳು ಅಕ್ಕ.

ಮಾಮ ತನ್ನ ಅಂಗಡಿಗೆ ಹೋಗಿ ಪಕ್ಕದ ದರ್ಜಿಗೆ ಹೇಳಿದ. ದರ್ಜಿ ಗಿರಾಕಿಗಳಿಗೆ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಅಂಚೆ ಕಚೇರಿಗೇ ಕಾರು ನುಗ್ಗಿಸಿದಳೆಂದು ಸುದ್ದಿಯಾಗಿ, ಪೋಸ್ಟ್‌ಮ್ಯಾನ್ ಏದುಸಿರು ಬಿಡುತ್ತ ಅಂಗಡಿಗೆ ಬಂದ.

“ಗೋಡೆ ಪೂರ್ತಿ ಬಿತ್ತಾ ಸ್ವಾಮಿ? ಒಳಗೆ ನನ್ನ ಛತ್ರಿ ಇದೆ.”

ಇನ್ನು ತಡೆಯಲಾಗಲಿಲ್ಲ. ತಾನೇ ತೊಟ್ಟಿಲಲ್ಲಿ ತೂಗಿದ ಮಗು; ಲೈಸೆನ್ಸ್ ಸಿಗದೆ ಅತ್ತರೆ ಅಳಲಿ, ಕೈಕಾಲು ನೆಟ್ಟಗಿದ್ದರೆ ಸಾಕು ಎಂದುಕೊಂಡು ಮಾಮ ಸ್ವತಃ ಕಾರು ಓಡಿಸಿಕೊಂಡು ಲೈಸೆನ್ಸ್ ಕಚೇರಿಗೆ ಹೋದ.

“ನಾಲ್ಕಕ್ಕೆ ಪರೀಕ್ಷೆಗೆ ಬರೋ ನಮ್ಮ ಹುಡುಗೀಗೆ ಕಣ್ಣು ಕಾಣಲ್ಲ ಮೇಡಂ. ಅಂಚೆ ಡಬ್ಬಕ್ಕೆ ಹಾರ್ನ್ ಹೊಡೀತಾಳೆ.”

“ಎಂಥಾ ಡಬ್ಬ?” ಎಂದರು ಅಧಿಕಾರಿ.

ಮಾಮ ಕಿಟಕಿಯತ್ತ ಕೈ ತೋರಿಸಿದ. “ಅಗೋ, ನಿಮ್ಮ ಗೇಟಿನ ಹತ್ರ ಇದ್ಯಲ್ಲ, ಥೇಟ್ ಅಂಥದ್ದೇ.”

ಆಕೆ ಹೊರಗೆ ನೋಡಿದರು. ಮಾಮನನ್ನೂ ನೋಡಿದರು. ಆಮೇಲೆ ಗಟ್ಟಿಯಾಗಿ ಮೂರು ಸಲ ಕೂಗಿದರು: “ಅಪ್ಪಾ, ಅಲ್ಲೇ ಯಾಕೆ ನಿಂತಿದೀರ? ಒಳಗೆ ಬನ್ನಿ.”

ಡಬ್ಬ ಒಳಗೆ ಬಂತು. ಕೆಂಪು ಸ್ವೆಟರು, ಕೆಂಪು ಟೋಪಿ, ಕೈಯಲ್ಲಿ ನಿಂತುಹೋದ ವಾಚು.

“ಬೆಳಿಗ್ಗೆ ಇದಕ್ಕೆ ಕೀ ಕೊಡ್ತಾ ರಸ್ತೇಲೇ ನಿಂತ್ಬಿಟ್ಟಿದ್ದೆ ಕಣಮ್ಮ,” ಎಂದರು ಮುದುಕರು. “ಯಾರೋ ಪುಣ್ಯಾತ್ಗಿತ್ತಿ ಹುಡುಗಿ ಕಾರು ನಿಲ್ಲಿಸಿ, ಬಳಸ್ಕೊಂಡು ಹೋದ್ಲು. ಪಕ್ಕದಲ್ಲಿ ಕೂತಿದ್ದೋನು ನನ್ನನ್ನ ಕಂಬ ನೋಡಿದ ಹಾಗೆ ನೋಡಿದ.”

ಅಧಿಕಾರಿ ಮಾಮನಿಗೆ ಎದುರು ಗೋಡೆಯ ಅಕ್ಷರಗಳ ಪಟ್ಟಿಯನ್ನು ಓದಲು ಹೇಳಿದರು. ವಾಚಿನೊಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಹಿಡಿಯುವ ಮಾಮ, “ಪಟ್ಟಿ ಎಲ್ಲಿದೆ ಮೇಡಂ?” ಎಂದ. ಅವನ ಲೈಸೆನ್ಸ್ ಮೇಜಿನ ಡ್ರಾಯರ್ ಸೇರಿತು.

ನಾಲ್ಕಕ್ಕೆ ಬಂದ ಹುಡುಗಿ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾದಳು. ಮಾಮನನ್ನು ಅವನದೇ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ನಾಚಿಕೆಯಿಂದ ಮುದುಡಿದ್ದ ಮಾಮನಿಗೆ ತಿರುವಿನಲ್ಲಿ ಕೆಂಪಗೆ ಏನೋ ಕಂಡಿತು.

“ನಿಲ್ಲಿಸು ಪುಟ್ಟಿ.”

ಇಳಿದು ಹೋಗಿ ಕೈಮುಗಿದು ನಿಂತ. “ಯಜಮಾನ್ರೇ, ತಿಳೀದೆ ತಪ್ಪಾಯ್ತು. ಆ ವಾಚು ಕೊಡಿ, ಪುಕ್ಕಟೆ ರಿಪೇರಿ ಮಾಡ್ಕೊಡ್ತೀನಿ.”

ಯಜಮಾನರು ಮಾತಾಡಲಿಲ್ಲ. ಪಾಪ, ಕಿವಿ ಕೇಳಿಸುವುದಿಲ್ಲವಲ್ಲ ಎಂದು ಮಾಮ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.

ಹುಡುಗಿ ಕಾರಿನಿಂದ ತಲೆ ಹೊರಗೆ ಹಾಕಿ ಮೆಲ್ಲಗೆ ಹೇಳಿದಳು: “ಮಾಮ, ಅದು ಅಂಚೆ ಡಬ್ಬ.”